ಕಿವಿಯಿಂದ ನೋಡಿದ ಕಡಲು

ಕಡಲನ್ನು ಒಮ್ಮೆಯೂ ಕಾಣದೆ ಮುಪ್ಪಿಗೆ ಸಂದವರು ನಮ್ಮ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಇಂದಿಗೂ ಬಹಳ ಮಂದಿ ಉಂಟು. ಪಡುವಣ ಕಡಲಿಗೂ ಮೂಡಣ ಕಡಲಿಗೂ ದೂರವಾಗಿ, ಎರೆಮಣ್ಣಿನ ಬಯಲಿನಲ್ಲಿ ತೊಗರಿಯನ್ನೂ ಜೋಳವನ್ನೂ ಬೆಳೆದುಕೊಂಡಿರುವ ಈ ಸೀಮೆಗೆ ನೀರೆಂದರೆ ಮೊದಲು ಬಾವಿ, ಆಮೇಲೆ ಭೀಮೆ. ಆ ಭೀಮೆಯಾದರೂ ಬೇಸಿಗೆಯಲ್ಲಿ ಅಲ್ಲಲ್ಲಿ ಮಡುವಾಗಿ ನಿಂತು ಸೊರಗುವವಳು. 2020ರ ಅಕ್ಟೋಬರಿನಲ್ಲಿ ಆದಂತೆ, ಮೇಲೆ ಮಹಾರಾಷ್ಟ್ರದ ಜಲಾಶಯಗಳ ಬಾಗಿಲು ತೆರೆದ ವರ್ಷ ಅಫಜಲಪುರದಿಂದ ಜೇವರ್ಗಿಯವರೆಗೆ ಹೊಲವನ್ನೂ ಮನೆಯನ್ನೂ ನುಂಗಿಕೊಂಡು ನಡೆಯುವವಳು. ಜೇವರ್ಗಿಯ ಕಡೆಯ ಹೊಳೆದಂಡೆಯ ಹಳ್ಳಿಯೊಂದರಲ್ಲಿ ಬಾಲ್ಯವನ್ನೂ, ಅಫಜಲಪುರದಲ್ಲಿ ಮಾಸ್ತರಿಕೆಯ ಬಹುಭಾಗವನ್ನೂ ಕಳೆದು, ಈಗ ಆಳಂದದಲ್ಲಿ ನೆಲೆನಿಂತಿರುವ ನನ್ನಂಥವನು ಜಲಾಂತರ್ಗಾಮಿ ನೌಕೆಗಳ ಯುದ್ಧವನ್ನು ಕುರಿತ ಚಲಚ್ಚಿತ್ರವೊಂದರ ವಿಚಾರವನ್ನು ಬರೆಯಹೊರಟುದನ್ನು ಕಂಡು ಓದುಗರು ನಕ್ಕರೆ, ಆ ನಗುವನ್ನು ಅಕಾರಣವೆನ್ನಲಾರೆ.

ಚಿತ್ರದ ಹೆಸರು ‘ಘಾಜಿ’. 1971ರ ಯುದ್ಧದಲ್ಲಿ ವಿಶಾಖಪಟ್ಟಣದ ಬಂದರಿನ ಹೊರಗೆ ಮುಳುಗಿದ ಪಾಕಿಸ್ತಾನದ ಜಲಾಂತರ್ಗಾಮಿಯ ಕಥೆ. ಸಂಕಲ್ಪ್ ರೆಡ್ಡಿ ಎಂಬ ತರುಣ ನಿರ್ದೇಶಕರ ಮೊದಲ ಕೃತಿ. 2017ರ ಫೆಬ್ರವರಿ 17ರಂದು ತೆಲುಗು ಹಿಂದಿಗಳೆರಡರಲ್ಲಿಯೂ ತೆರೆಗೆ ಬಂದು, ಮರುವರ್ಷ ಅತ್ಯುತ್ತಮ ತೆಲುಗು ಚಿತ್ರವೆಂದು ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು. ಆಗ ನಾನು ಅದನ್ನು ಕಲಬುರಗಿಯ ಚಿತ್ರಮಂದಿರದಲ್ಲಿ, ಎದೆಗೂಡು ಅದುರುವಷ್ಟು ದೊಡ್ಡ ಸದ್ದಿನಲ್ಲಿ ನೋಡಿದ್ದೆನು. ಹೊರಗೆ ಬಂದಾಗ ಕಿವಿಯಲ್ಲಿ ಗುಂಯ್ಗುಡುವಿಕೆಯೂ, ಮನಸ್ಸಿನಲ್ಲಿ ಒಂದು ಬಗೆಯ ದೇಶಾಭಿಮಾನದ ಕಾವೂ ಉಳಿದುವಲ್ಲದೆ ಮತ್ತೇನೂ ಉಳಿಯಲಿಲ್ಲ. ಕಳೆದ ತಿಂಗಳು ಮೊಮ್ಮಗನು ಎಲ್ಲಿಂದಲೋ ಅದರ ಡಿ.ವಿ.ಡಿ.ಯನ್ನು ತಂದು ಮನೆಯ ಟಿ.ವಿ.ಗೆ ಹಚ್ಚಿದ ರಾತ್ರಿ ಒಳಕೋಣೆಯಲ್ಲಿ ಹೆಂಡತಿ ಜ್ವರದಿಂದ ಬಳಲಿ ಆಗತಾನೆ ಕಣ್ಣು ಮುಚ್ಚಿದ್ದುದರಿಂದ, ಸದ್ದನ್ನು ಕೇಳಿಯೂ ಕೇಳದಂತೆ ತಗ್ಗಿಸಿ, ಅಜ್ಜ ಮೊಮ್ಮಗ ಇಬ್ಬರೂ ಚಾಪೆಯ ಮೇಲೆ ಪರದೆಗೆ ಎರಡು ಮೊಳ ದೂರದಲ್ಲಿ ಕುಳಿತು ನೋಡಬೇಕಾಯಿತು. ಹಾಗೆ ನೋಡಿದ ಚಿತ್ರ ಮೊದಲಿನದಲ್ಲ, ಬೇರೆಯೇ ಒಂದು ಚಿತ್ರ.

ಮನೆಯಲ್ಲಿ ಕುಳಿತು ಪರದೆ ನೋಡುವ ವಿಷಯದಲ್ಲಿ ನಮ್ಮ ಜಿಲ್ಲೆ ಬೆಂಗಳೂರಿಗಿಂತ ಹಿರಿದು ಎಂಬುದು ಈಗಿನವರಿಗೆ ತಿಳಿದಿರಲಾರದು. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಎ.ಟಿ.ಎಸ್.-6 ಎಂಬ ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ದೂರದರ್ಶನವನ್ನು ಒಯ್ದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕದ ಪಾಲಿಗೆ ಬಂದುವು ಗುಲ್ಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಆರಂಭವಾದುದು 1981ರಲ್ಲಿ. ಅದಕ್ಕೆ ಐದಾರು ವರ್ಷ ಮೊದಲೇ ನಮ್ಮ ಕಡೆಯ ಶಾಲೆಗಳ ಮಾಳಿಗೆಯ ಮೇಲೆ, ಕೋಳಿಗೂಡಿನ ಜಾಳಿಗೆಯಂಥ ತಂತಿಯಿಂದ ಹೆಣೆದ 10 ಅಡಿಯ ತಟ್ಟೆ ಆಕಾಶಕ್ಕೆ ಮುಖಮಾಡಿ ನಿಂತಿದ್ದಿತು. ಮುಂದೆ ಎಂಬತ್ತರ ದಶಕದ ನಡುವೆ ವಿಡಿಯೊ ಬಂದಿತು. ಜಾತ್ರೆಯ ರಾತ್ರಿ ಬಣ್ಣದ ಟಿ.ವಿ., ಕ್ಯಾಸೆಟ್ಟಿನ ಯಂತ್ರ, ಜನರೇಟರು ಈ ಮೂರನ್ನೂ ಚಕ್ಕಡಿಯ ಮೇಲೆ ಹೇರಿಕೊಂಡು ಬಂದು, ಬೆಳಗಿನವರೆಗೆ ಮೂರು ಸಿನೆಮಾ ತೋರಿಸಿ ಹೋಗುತ್ತಿದ್ದ ಬಾಡಿಗೆಯವರನ್ನು ಕಂಡವರು ನನ್ನ ವಯಸ್ಸಿನವರೆಲ್ಲ. ಅಂಥ ಒಂದು ರಾತ್ರಿ, ಎರಡು ಪೌರಾಣಿಕಗಳು ಮುಗಿದ ಮೇಲೆ, ಕ್ಯಾಸೆಟ್ಟು ಅದಲುಬದಲಾಗಿ, ಹೆಸರೇ ತಿಳಿಯದ ಇಂಗ್ಲಿಷಿನ ಜಲಾಂತರ್ಗಾಮಿ ಚಿತ್ರವೊಂದು ಪರದೆಯ ಮೇಲೆ ಬಂದುಬಿಟ್ಟಿತು. ಗಡ್ಡ ಬಿಟ್ಟ, ಬೆವರಿದ ಬಿಳಿಯರು ಕೊಳವೆಯಂಥ ಜಾಗದಲ್ಲಿ ಮೇಲೆ ನೋಡುತ್ತ ಉಸಿರು ಬಿಗಿಹಿಡಿದು ನಿಂತಿದ್ದರು. ಮಾತು ಒಂದೂ ಅರ್ಥವಾಗದಿದ್ದರೂ ಒಬ್ಬರೂ ಏಳಲಿಲ್ಲ. ನನ್ನ ಪಕ್ಕದಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಮುದುಕನೊಬ್ಬನು, ಬಹಳ ಹೊತ್ತು ದಿಟ್ಟಿಸಿ, “ಬಾವ್ಯಾಗ ಕುಂತು ಬಡದಾಡ್ಲಕತ್ತಾರ ನೋಡು” ಎಂದನು. ಜಲಾಂತರ್ಗಾಮಿಯ ಯುದ್ಧಕ್ಕೆ ಇದಕ್ಕಿಂತ ಅಡಕವಾದ ಲಕ್ಷಣವನ್ನು ನಾನು ಇದುವರೆಗೂ ಓದಿಲ್ಲ.

ಬಾವಿಯ ಮಾತು ಬಂದುದರಿಂದ ನೌಕೆ ಮುಳುಗುವ ಏಳುವ ಪರಿಯನ್ನೂ ಬಾವಿಯ ದಂಡೆಯಲ್ಲಿಯೇ ನಿಂತು ತಿಳಿಯಬಹುದು. ಹಗ್ಗ ಬಿಗಿದು ಇಳಿಬಿಟ್ಟ ಬರಿಯ ಕೊಡ ನೀರಿನ ಮೇಲೆ ತೇಲುತ್ತದೆ. ಹಗ್ಗವನ್ನು ಒಂದು ಸಲ ಜಗ್ಗಿ ಕೊರಳು ವಾಲುವಂತೆ ಮಾಡಿದರೆ ಒಳಗಿನ ಗಾಳಿ ಗುಳುಗುಳು ಎಂದು ಹೊರಬಿದ್ದು, ಅಷ್ಟೇ ಜಾಗಕ್ಕೆ ನೀರು ನುಗ್ಗಿ, ಕೊಡ ಮುಳುಗುತ್ತದೆ. ಜಲಾಂತರ್ಗಾಮಿಯ ಗಟ್ಟಿ ಒಡಲಿನ ಹೊರಮಗ್ಗುಲಿಗೆ ಇರುವ ತೊಟ್ಟಿಗಳು ಇಂಥ ಕೊಡಗಳೇ. ಮೇಲಿನ ಬಾಯಿ ತೆರೆದೊಡನೆ ಗಾಳಿ ಹೊರಟು ಕೆಳಗಿನಿಂದ ಕಡಲು ಒಳಬರುತ್ತದೆ, ಮತ್ತೆ ಏಳಬೇಕಾದಾಗ ಒತ್ತಿಟ್ಟ ಗಾಳಿಯನ್ನು ಬಿಟ್ಟು ಆ ನೀರನ್ನು ಹೊರಕ್ಕೆ ನೂಕುತ್ತಾರೆ. ಕೊಡಕ್ಕೂ ನೌಕೆಗೂ ಇರುವ ಭೇದವೆಂದರೆ, ಮೇಲಿನಿಂದ ಸೇದುವ ಹಗ್ಗ ನೌಕೆಗೆ ಇಲ್ಲ. ಹತ್ತು ಮೀಟರು ಇಳಿದಂತೆಲ್ಲ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಒಂದೊಂದು ಕಿಲೋ ಭಾರ ಏರುತ್ತ ಹೋಗುವುದರಿಂದ, 100 ಮೀಟರಿನ ಆಳದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಉಕ್ಕಿನ ಮೇಲೆ ಹತ್ತು ಕಿಲೋ ಜೋಳದ ಚೀಲವನ್ನು ಇಟ್ಟಂತಾಗುತ್ತದೆ. ಅಲ್ಲಿ ಡೀಸೆಲ್ ಯಂತ್ರಕ್ಕೆ ಉಸಿರಾಡಲು ಗಾಳಿಯಿಲ್ಲವಾದುದರಿಂದ ಬ್ಯಾಟರಿಯಿಂದಲೇ ನಡೆಯಬೇಕು. ಘಾಜಿಯ ಜಾತಿಯ ಅಮೆರಿಕನ್ ನೌಕೆಗಳಲ್ಲಿ ಅಂಥ 252 ಕೋಶಗಳಿರುತ್ತಿದ್ದುವು. ಬ್ಯಾಟರಿಗೆ ಮತ್ತೆ ವಿದ್ಯುತ್ತು ತುಂಬುವಾಗ ಹೊರಡುವ ಜಲಜನಕ ಅನಿಲವನ್ನು ಸರಿಯಾಗಿ ಹೊರಹಾಕದಿದ್ದರೆ ಅದೇ ಸಿಡಿದು ನೌಕೆಯನ್ನು ಸೀಳಬಹುದು. ಈ ಕಡೆಯ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಎಲ್ಲಕ್ಕಿಂತ ಮುಖ್ಯವಾದುದು, ಮುಳುಗಿದ ನೌಕೆ ಕುರುಡು. ಪೆರಿಸ್ಕೋಪಿನ ಕಣ್ಣು ನೀರಿನ ಮೇಲಕ್ಕೆ ನಿಲುಕುವುದು ಕೆಲವೇ ಮೀಟರುಗಳ ಆಳದವರೆಗೆ. ಅಲ್ಲಿಂದ ಕೆಳಗೆ ಕಿವಿಯೊಂದೇ ಗತಿ. ಶಬ್ದವು ನೀರಿನಲ್ಲಿ ಸೆಕೆಂಡಿಗೆ ಸುಮಾರು 1500 ಮೀಟರು, ಎಂದರೆ ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ, ಹೋಗುತ್ತದಾದುದರಿಂದ ದೂರದ ಹಡಗಿನ ಚಕ್ರದ ಸದ್ದನ್ನು ಕೇಳಿಯೇ ಅದು ಯಾವ ಜಾತಿಯದು, ಎತ್ತ ಹೋಗುತ್ತಿದೆ ಎಂದು ಸೋನಾರ್ ಎಂಬ ಕೇಳುವ ಯಂತ್ರದ ಮುಂದೆ ಕುಳಿತವನು ಹೇಳಬಲ್ಲನು. ತಾನೇ ಒಂದು ಸದ್ದನ್ನು ಹೊರಡಿಸಿ ಅದರ ಮಾರ್ದನಿಯಿಂದ ಶತ್ರುವನ್ನು ಅಳೆಯುವ ಉಪಾಯವೂ ಉಂಟು. ಆದರೆ ಕತ್ತಲೆಯಲ್ಲಿ ಕಂದೀಲು ಹಿಡಿದು ಹುಡುಕಹೊರಟವನು ಹುಡುಕುವ ಮೊದಲು ತಾನೇ ಕಾಣಿಸಿಕೊಳ್ಳುತ್ತಾನೆ. ಆದುದರಿಂದ ಅಲ್ಲಿಯ ಶೌರ್ಯವೆಲ್ಲ ಬಾಯಿ ಮುಚ್ಚಿ, ಬೂಟಿನ ಸದ್ದಾಗದಂತೆ ನಿಂತು, ಕೇಳುವುದರಲ್ಲಿದೆ.

ಚಿತ್ರಮಂದಿರದ ಅಬ್ಬರದಲ್ಲಿ ನನಗೆ ಕಾಣದೆ ಹೋದುದು ಇದೇ. ಸದ್ದು ತಗ್ಗಿದ ಪರದೆಯ ಮೇಲೆ ವಾದ್ಯಗಳ ಮೊರೆತ ಹಿಂದಕ್ಕೆ ಸರಿದು, ಕಿವಿಗೆ ಯಂತ್ರ ಕಟ್ಟಿಕೊಂಡು ಕುಳಿತ ಸೋನಾರಿನ ಹುಡುಗನ ಮುಖವೇ ಮುಂದೆ ಬಂದಿತು. ಅವನ ಹುಬ್ಬು ಗಂಟಿಕ್ಕಿದೊಡನೆ ಸುತ್ತ ನಿಂತವರ ಉಸಿರು ನಿಲ್ಲುತ್ತದೆ, ಅವನ ತುಟಿ ಅಲುಗಿದೊಡನೆ ಅವರ ಆಯುಷ್ಯ ನಿರ್ಧಾರವಾಗುತ್ತದೆ. ನಾವಿಬ್ಬರೂ ಅವನ ಮಾತು ಕೇಳಲೆಂದು ಅವನಂತೆಯೇ ಮುಂದಕ್ಕೆ ಬಾಗಿ ಕಿವಿಗೊಟ್ಟಿದ್ದೆವೆಂಬುದು ಸೊಂಟ ನೋಯತೊಡಗಿದ ಮೇಲೆ ನನ್ನ ಗಮನಕ್ಕೆ ಬಂದಿತು. ಶತ್ರುವನ್ನು ಕಂಡಲ್ಲಿ ಕೊಲ್ಲಬೇಕೆನ್ನುವ ಕಪ್ತಾನ ರಣವಿಜಯ ಸಿಂಗನಾಗಿ ಕೆ.ಕೆ. ಮೆನನ್, ದೆಹಲಿಯ ಆಜ್ಞೆಗೆ ಕಾಯಬೇಕೆನ್ನುವ ಅರ್ಜುನನಾಗಿ ರಾಣಾ ದಗ್ಗುಬಾಟಿ, ಈ ಇಬ್ಬರ ನಡುವೆ ನಿಷ್ಠೆಯ ತಕ್ಕಡಿಯನ್ನು ಹಿಡಿದು ನಿಂತ ದೇವರಾಜನಾಗಿ ಅತುಲ್ ಕುಲಕರ್ಣಿ: ಮೂವರಲ್ಲಿ ನನ್ನ ಮೆಚ್ಚುಗೆ ಮೂರನೆಯವರಿಗೆ. ಅವರು ಬೆಳಗಾವಿಯಲ್ಲಿ ಹುಟ್ಟಿ, ನಮ್ಮ ಆಳಂದದವರು ಬಟ್ಟೆಗೂ ಆಸ್ಪತ್ರೆಗೂ ಹೋಗುವ ಸೊಲ್ಲಾಪುರದಲ್ಲಿ ಓದಿದವರು, 2007ರ ‘ಆ ದಿನಗಳು’ ಚಿತ್ರದಿಂದ ಕನ್ನಡಿಗರಿಗೆ ಪರಿಚಿತರು ಎಂಬ ಪಕ್ಷಪಾತ ಸ್ವಲ್ಪ ಇರಬಹುದು. ಆದರೂ ಮೇಲಧಿಕಾರಿಯ ತಪ್ಪನ್ನು ಕಂಡು ನುಂಗಿಕೊಳ್ಳುವ ನಂಬಿಗಸ್ತನ ಕಣ್ಣನ್ನು ಅಷ್ಟು ಕಡಿಮೆ ಮಾತಿನಲ್ಲಿ ತೋರಿಸುವುದು ಸುಲಭವಲ್ಲ. ಚಿತ್ರ ತೆರೆಗೆ ಬರುವ ಮೊದಲೇ, ಆ ವರ್ಷದ ಜನವರಿ 6ರಂದು ತೀರಿಕೊಂಡ ಓಂ ಪುರಿಯವರು ದಡದ ಮೇಲಿನ ಅಧಿಕಾರಿಯಾಗಿ ಸ್ವಲ್ಪ ಹೊತ್ತು ಬಂದುಹೋಗುತ್ತಾರೆ.

ದೋಷಗಳೂ ಎರಡನೆಯ ನೋಟದಲ್ಲಿಯೇ ಎದ್ದು ಕಂಡುವು. ನಿರಾಶ್ರಿತ ವೈದ್ಯೆಯನ್ನೂ ಮಗುವನ್ನೂ ನೌಕೆಯೊಳಕ್ಕೆ ತಂದ ಮೇಲೆ ಅವರಿಂದ ಏನು ಮಾಡಿಸಬೇಕೆಂಬುದು ಕಥೆಗಾರನಿಗೆ ತಿಳಿದಂತಿಲ್ಲ. ಶತ್ರುಕಪ್ತಾನನನ್ನು ಕೆಣಕಲು ನಾವಿಕರು ದನಿಯೆತ್ತಿ ಹಾಡುವ ಸನ್ನಿವೇಶ ಚಿತ್ರಮಂದಿರದಲ್ಲಿ ಜನರನ್ನು ಎಬ್ಬಿಸಿ ನಿಲ್ಲಿಸಿತ್ತು. ಮನೆಯಲ್ಲಿ, ತಗ್ಗಿದ ದನಿಯಲ್ಲಿ, ಅದುವರೆಗೆ ಮೌನದ ಮೇಲೆ ಕಟ್ಟಿದ ಮನೆಯನ್ನು ತಾವೇ ಕೆಡವಿದಂತೆ ತೋರಿತು. ಎರಡು ಜಲಾಂತರ್ಗಾಮಿಗಳು ನೀರಿನೊಳಗೇ ಮಲ್ಲರಂತೆ ಸೆಣಸಿ ಒಂದು ಇನ್ನೊಂದನ್ನು ಕೊಲ್ಲುವುದಂತೂ ಲೋಕದಲ್ಲಿ ತೀರ ಅಪರೂಪ. ಎರಡೂ ಮುಳುಗಿರುವಾಗ ಒಂದು ಜಲಾಂತರ್ಗಾಮಿ ಇನ್ನೊಂದನ್ನು ಯುದ್ಧದಲ್ಲಿ ಹೊಡೆದು ಮುಳುಗಿಸಿದುದು ಚರಿತ್ರೆಯಲ್ಲಿ ಒಮ್ಮೆ ಮಾತ್ರ, 1945ರ ಫೆಬ್ರವರಿ 9ರಂದು ನಾರ್ವೆಯ ಕರಾವಳಿಯಲ್ಲಿ. ಕೊಂದುದು ಬ್ರಿಟಿಷರ ವೆಂಚರರ್, ಸತ್ತುದು ಜರ್ಮನಿಯ ಯು-864.

ಚಿತ್ರದ ಆರಂಭದಲ್ಲಿಯೇ, ಇದರಲ್ಲಿ ಕಲ್ಪನೆಯುಂಟೆಂಬ ಹೇಳಿಕೆ ಇದೆ. ಚಿತ್ರಮಂದಿರದ ಕತ್ತಲೆಯಲ್ಲಿ ಕುರ್ಚಿ ಹುಡುಕುತ್ತಿದ್ದವನಿಗೆ ಅದು ಕಂಡಿರಲಿಲ್ಲ. ಈ ಸಲ ಮೊಮ್ಮಗನು ಗುಂಡಿ ಒತ್ತಿ ಪರದೆಯನ್ನು ನಿಲ್ಲಿಸಿದುದರಿಂದ ನಿಧಾನವಾಗಿ ಓದಿದೆನು. ಚಿತ್ರದಲ್ಲಿ ಘಾಜಿಯನ್ನು ಮುಳುಗಿಸುವುದು ಎಸ್-21 ಎಂಬ ನಮ್ಮ ಜಲಾಂತರ್ಗಾಮಿ. ಆ ಅಂಕಿಯ ನಿಜವಾದ ನೌಕೆ ಐ.ಎನ್.ಎಸ್. ಕರಂಜ್, ಮುಂದೆ ನೌಕಾಪಡೆಯ ಮುಖ್ಯಸ್ಥರಾದ ವಿ.ಎಸ್. ಶೇಖಾವತ್ ಅವರ ಅಧೀನದಲ್ಲಿ ಅದು ಆಗ ಇದ್ದುದು ಈ ಕಡೆಯ ಅರಬ್ಬೀ ಸಮುದ್ರದಲ್ಲಿ. ಕಥೆಗಾರನು ಕಲ್ಪಿಸಿದುದರ ಮೇಲೆ ನನಗೆ ಜಗಳವಿಲ್ಲ. ಕಲ್ಪಿಸಿದುದಕ್ಕಿಂತ ಸೊಗಸಾದ ನಿಜವನ್ನು ಕೈಬಿಟ್ಟನಲ್ಲ ಎಂಬುದೇ ನನ್ನ ವ್ಯಥೆ. ಏಕೆಂದರೆ ಘಾಜಿಯ ನಿಜವಾದ ಕಥೆ ಆದಿಯಿಂದ ಅಂತ್ಯದವರೆಗೆ ಕಿವಿಯ ಕಥೆ.

ಘಾಜಿ 1945ರಲ್ಲಿ ‘ಡಯಾಬ್ಲೊ’ ಎಂಬ ಹೆಸರಿನಿಂದ ಅಮೆರಿಕದ ನೌಕಾಪಡೆಯನ್ನು ಸೇರಿ, 1964ರಲ್ಲಿ ಪಾಕಿಸ್ತಾನಕ್ಕೆ ಕೊಡಲ್ಪಟ್ಟ ಹಳೆಯ ನೌಕೆ. ಭಾರತಕ್ಕೆ ಮೊದಲ ಜಲಾಂತರ್ಗಾಮಿಯಾದ ಕಲ್ವರಿ ದೊರೆತುದು 1967ರ ಡಿಸೆಂಬರ್ 8ರಂದು. ಅದಕ್ಕೆ ಮೂರು ವರ್ಷ ಮೊದಲೇ ನೆರೆಯವರ ಬಳಿ ಇದು ಇದ್ದಿತು. 1971ರ ನವೆಂಬರ್ 14ರಂದು ಕಮಾಂಡರ್ ಜಫರ್ ಮುಹಮ್ಮದ್ ಖಾನ್ ಅವರ ನಾಯಕತ್ವದಲ್ಲಿ ಕರಾಚಿಯನ್ನು ಬಿಟ್ಟು, ಸಿಂಹಳವನ್ನು ಸುತ್ತಿಕೊಂಡು ಅದು ಬಂಗಾಳ ಕೊಲ್ಲಿಗೆ ಬಂದುದು ಒಂದೇ ಬೇಟೆಗಾಗಿ: ವಿಮಾನವಾಹಕ ವಿಕ್ರಾಂತ್. ಅಷ್ಟು ದೂರ ಹೋಗಿ ಕಾದಿರುವ ಶಕ್ತಿ ಅವರ ಜಲಾಂತರ್ಗಾಮಿಗಳಲ್ಲಿ ಇದೊಂದಕ್ಕೇ ಇದ್ದಿತು. ವಿಕ್ರಾಂತದ ಬಾಯ್ಲರೊಂದು ಬಿರುಕು ಬಿಟ್ಟು ಅದರ ವೇಗ ತಗ್ಗಿದ್ದುದರಿಂದ ನಮ್ಮವರಿಗೂ ದಿಗಿಲಿಲ್ಲದೆ ಇರಲಿಲ್ಲ. ಪೂರ್ವ ನೌಕಾ ಕಮಾಂಡಿನ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ಅದನ್ನು ಅಂಡಮಾನಿನ ನಿರ್ಜನ ಕೊಲ್ಲಿಯೊಂದಕ್ಕೆ, ‘ಪೋರ್ಟ್ ಎಕ್ಸ್-ರೇ’ ಎಂಬ ಗುಪ್ತನಾಮವನ್ನಿಟ್ಟು, ಕಳುಹಿಸಿಬಿಟ್ಟರು. ಆದರೆ ಅದು ವಿಶಾಖಪಟ್ಟಣದ ಹತ್ತಿರವೇ ಇದೆಯೆಂದು ಕೇಳುವವರ ಕಿವಿಗೆ ಕೇಳಿಸುವ ಏರ್ಪಾಟನ್ನು ಮಾಡಿದರು.

ಆ ಏರ್ಪಾಟನ್ನು ಕೃಷ್ಣನ್ ತಮ್ಮ ನೆನಪಿನ ಪುಸ್ತಕದಲ್ಲಿ ಹೇಳಿಕೊಂಡಿದ್ದಾರೆ. ವಿಶಾಖಪಟ್ಟಣದ ಗುತ್ತಿಗೆದಾರರಿಗೆ ಮಾಂಸ ತರಕಾರಿಗಳ ಭಾರಿ ಬೇಡಿಕೆ ಹೋಯಿತು, ಬಂದರಿಗೆ ದೊಡ್ಡ ಪಡೆ ಬಂದಿದೆಯೆಂದು ಪೇಟೆಯಲ್ಲಿ ಸುದ್ದಿ ಹರಡಲೆಂದು. ರಜಪೂತ್ ಎಂಬ ಮುದಿ ವಿಧ್ವಂಸಕ ನೌಕೆಯನ್ನು ಹೊರಕ್ಕೆ ಕಳುಹಿಸಿ, ಅದರಿಂದ ವಿಮಾನವಾಹಕದಷ್ಟು ದೊಡ್ಡ ಹಡಗು ಮಾತ್ರ ಕಳುಹಿಸಬಹುದಾದಷ್ಟು ನಿಸ್ತಂತು ಸಂದೇಶಗಳನ್ನು ಕಳುಹಿಸಿದರು. ಇವೆಲ್ಲಕ್ಕೂ ಕಿರೀಟವಿಟ್ಟಂತೆ, ವಿಕ್ರಾಂತದಲ್ಲಿರುವ ನಾವಿಕನೊಬ್ಬನು ತನ್ನ ತಾಯಿಯ ಕಾಯಿಲೆಯ ಸ್ಥಿತಿಯನ್ನು ವಿಚಾರಿಸುವ ಖಾಸಗಿ ತಂತಿಯೊಂದು, ಗೂಢಲಿಪಿಯ ಮುಸುಕಿಲ್ಲದೆ, ಅಜಾಗ್ರತೆಯಿಂದ ಜಾರಿತೋ ಎಂಬಂತೆ ಗಾಳಿಯಲ್ಲಿ ಹೋಯಿತು. ಆ ಕಾಲದಲ್ಲಿ ‘ಮದರ್ ಸೀರಿಯಸ್’ ಎಂಬ ಎರಡು ಶಬ್ದಗಳ ತಂತಿ ನಮ್ಮ ಹಳ್ಳಿಗೆ ಬಂದರೆ ಅದನ್ನು ಒಡೆಯುವ ಮೊದಲೇ ಓಣಿಯ ಹೆಂಗಸರು ಅಳತೊಡಗುತ್ತಿದ್ದುದನ್ನೂ, ರಜೆ ಸಿಕ್ಕದ ಗುಮಾಸ್ತರು ಅದೇ ಎರಡು ಶಬ್ದಗಳನ್ನು ತಮಗೆ ತಾವೇ ತರಿಸಿಕೊಂಡು ಆರೋಗ್ಯವಾಗಿದ್ದ ತಾಯಂದಿರನ್ನು ವರ್ಷಕ್ಕೆರಡು ಸಲ ಮಂಚ ಹಿಡಿಸುತ್ತಿದ್ದುದನ್ನೂ ನಾನು ಬಲ್ಲೆನು. ಒಂದು ಯುದ್ಧನೌಕೆಯನ್ನು ಕಾಪಾಡಲು ಅದೇ ಸುಳ್ಳು ಬಳಕೆಗೆ ಬಂದಿತೆಂದು ಓದಿದಾಗ ನಕ್ಕೆನು, ನಕ್ಕು ಬೆರಗಾದೆನು. ಶತ್ರುವಿನ ಕಡೆಯ ಎಚ್ಚರಗೇಡಿತನವೂ ಕಿವಿಗೇ ಬಿದ್ದಿತು: ಜಲಾಂತರ್ಗಾಮಿಗಳಂಥ ಕೆಲವೇ ನೌಕೆಗಳಿಗೆ ಬೇಕಾಗುವ ಒಂದು ಬಗೆಯ ಕೀಲೆಣ್ಣೆ ಚಿತ್ತಗಾಂಗಿನಲ್ಲಿ ದೊರೆಯುವುದೇ ಎಂದು ಕೇಳಿದ ಸಂದೇಶ ನಮ್ಮವರಿಗೆ ಸಿಕ್ಕಿ, ಘಾಜಿ ಬರುತ್ತಿದೆಯೆಂಬುದು ಎಣ್ಣೆಯ ಸುಳಿವಿನಿಂದಲೇ ಬಯಲಾಯಿತು.

ಡಿಸೆಂಬರ್ 3ರ ಸಂಜೆ ಯುದ್ಧ ಆರಂಭವಾಯಿತು. ಅದೇ ನಡುರಾತ್ರಿಯ ಹೊತ್ತಿಗೆ ಬಂದರಿನ ಕಾಲುವೆಯಿಂದ ಹೊರಬರುತ್ತಿದ್ದ ರಜಪೂತಿನಿಂದ ನೀರಿನ ಮೇಲೆ ಅನುಮಾನದ ಕದಡು ಕಂಡು, ನಾಯಕ ಇಂದರ್ ಸಿಂಗ್ ಎರಡು ಆಳಸ್ಫೋಟಕಗಳನ್ನು ಬೀಳಿಸಿ ಮುಂದೆ ಸಾಗಿದರು. ಕೆಲವು ನಿಮಿಷಗಳ ಮೇಲೆ ಭಾರಿ ಆಸ್ಫೋಟವೊಂದು ಕೇಳಿ ದಡದ ಮನೆಗಳ ಕಿಟಕಿಗಳು ಅದುರಿದುವು. ಮರುದಿನ ಮೀನುಗಾರರಿಗೆ ತೇಲುವ ಅವಶೇಷಗಳು ಸಿಕ್ಕಿದುವು. ಮುಳುಗುಗಾರರು ಇಳಿದು ನೋಡಿ ಘಾಜಿಯೆಂದು ಗುರುತಿಸಿದರು. ರಜಪೂತವೂ ಹೊಸದೇನಲ್ಲ, ಎರಡನೆಯ ಮಹಾಯುದ್ಧದಲ್ಲಿ ‘ರಾದರಮ್’ ಎಂಬ ಹೆಸರಿನಿಂದ ಬ್ರಿಟಿಷರಲ್ಲಿ ದುಡಿದು, 1949ರಲ್ಲಿ ನಮಗೆ ಬಂದುದು. ಅಮೆರಿಕದ ಹಳೆಯದೂ ಇಂಗ್ಲೆಂಡಿನ ಹಳೆಯದೂ, ತಮ್ಮದಲ್ಲದ ಕಡಲಿನಲ್ಲಿ, ತಮ್ಮದಲ್ಲದ ಹೆಸರುಗಳನ್ನು ಹೊತ್ತು, ಕತ್ತಲೆಯಲ್ಲಿ ಒಂದನ್ನೊಂದು ಹಾದುವು.

ಪಾಕಿಸ್ತಾನವು ಇದನ್ನು ಒಪ್ಪುವುದಿಲ್ಲ. ತಾನೇ ಇಡುತ್ತಿದ್ದ ಸಿಡಿಗುಂಡಿಗೆ ಸಿಕ್ಕಿಯೋ ಒಳಗಿನ ಆಸ್ಫೋಟದಿಂದಲೋ ಘಾಜಿ ಒಡೆಯಿತೆಂಬುದು ಆ ಕಡೆಯ ವಾದ. ಬ್ಯಾಟರಿಯ ಜಲಜನಕದ ಮಾತನ್ನು ನೆನಪಿನಲ್ಲಿಡಿರೆಂದು ಹೇಳಿದುದು ಇದಕ್ಕಾಗಿಯೇ. ಪಾರಾದವನೊಬ್ಬನೂ ಇಲ್ಲವಾದುದರಿಂದ ಸಾಕ್ಷಿ ಹೇಳಬೇಕಾದವರು 90ಕ್ಕೂ ಹೆಚ್ಚು ಮಂದಿ ಇಂದಿಗೂ ಅಲ್ಲಿಯೇ, ಆ ಉಕ್ಕಿನ ಕೊಳವೆಯಲ್ಲಿಯೇ ಇದ್ದಾರೆ. ರಜಪೂತಿನ ಸ್ಫೋಟಕವೇ ತಗುಲಿತೋ ಅಥವಾ ಅದರಿಂದ ತಪ್ಪಿಸಿಕೊಳ್ಳುವ ಗಡಿಬಿಡಿಯಲ್ಲಿ ತನ್ನ ಗುಂಡಿಗೇ ತಾನು ತಗುಲಿತೋ, ಹೇಗಾದರೂ ಘಾಜಿಯನ್ನು ಆ ಜಾಗಕ್ಕೆ ಕರೆತಂದು ನಿಲ್ಲಿಸಿದುದು ಕಿವಿಗೆ ಹಾಕಿದ ಸುಳ್ಳು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಇದನ್ನು ಬಿಟ್ಟು ಟಾರ್ಪೆಡೊಗಳ ಕಾಳಗವನ್ನು ತೋರಿಸಿದ ಚಿತ್ರ, ಚದುರಂಗದ ಆಟವನ್ನು ಕುಸ್ತಿಯ ಕಣಕ್ಕೆ ಒಯ್ದಿತು. ಮೊಮ್ಮಗನು ಕಡೆಯಲ್ಲಿ ಚಪ್ಪಾಳೆ ತಟ್ಟಹೊರಟವನು, ಒಳಗಿನ ಅಜ್ಜಿಯ ನೆನಪಾಗಿ ಕೈಗಳನ್ನು ಹಾಗೆಯೇ ಗಾಳಿಯಲ್ಲಿ ಹಿಡಿದುಕೊಂಡನು. ಅವನಿಗೆ ನಾನು ಮರುದಿನ ಖುಕ್ರಿಯ ಕಥೆಯನ್ನೂ ಹೇಳಬೇಕಾಯಿತು: ಘಾಜಿ ಮುಳುಗಿದ ಐದು ದಿನಕ್ಕೆ, ಡಿಸೆಂಬರ್ 9ರಂದು, ದೀವ್ ಬಳಿಯಲ್ಲಿ ಪಾಕಿಸ್ತಾನದ ಹಂಗೋರ್ ಎಂಬ ಜಲಾಂತರ್ಗಾಮಿ ನಮ್ಮ ಐ.ಎನ್.ಎಸ್. ಖುಕ್ರಿಯನ್ನು ಹೊಡೆದು ಕೆಡವಿತು. 18 ಅಧಿಕಾರಿಗಳೂ 176 ನಾವಿಕರೂ ಹೋದರು. ಕಪ್ತಾನ ಮಹೇಂದ್ರನಾಥ ಮುಲ್ಲಾ ಹಡಗನ್ನು ಬಿಡದೆ ಅದರೊಡನೆ ಮುಳುಗಿದರು. ಹುಡುಗನು ಬಹಳ ಹೊತ್ತು ಸುಮ್ಮನಿದ್ದು, ಅದರ ಸಿನೆಮಾ ಯಾವುದು ಎಂದು ಕೇಳಿದನು.

ವಿಶಾಖಪಟ್ಟಣದ ರಾಮಕೃಷ್ಣ ಬೀಚಿನ ಮೇಲೆ, ಚಿತ್ರದ ಎಸ್-21ರ ತಂಗಿಯೇ ಆದ ಐ.ಎನ್.ಎಸ್. ಕುರ್ಸುರವನ್ನು ದಡಕ್ಕೆಳೆದು 2002ರಿಂದ ಜನರ ನೋಟಕ್ಕೆ ಇಟ್ಟಿದ್ದಾರೆ. ಅಲ್ಲಿಗೆ ಹೋಗಿದ್ದಾಗ ಈ ಕಥೆಯ ಬೀಜ ಸಿಕ್ಕಿತೆಂದು ನಿರ್ದೇಶಕರು ಹೇಳಿಕೊಂಡಿದ್ದಾರೆ. ನಿವೃತ್ತಿಯ ವರ್ಷ ನಾನೂ ಅದರೊಳಗೆ ಹೊಕ್ಕು ಬಂದಿದ್ದೆನು. 91 ಮೀಟರು ಉದ್ದ, ಏಳು ಕೋಣೆ, ಸುಮಾರು 75 ಜನರ ವಾಸ. ಕೋಣೆಯಿಂದ ಕೋಣೆಗೆ ಹೋಗುವ ದುಂಡು ಬಾಗಿಲಿನಲ್ಲಿ ಮೊದಲು ಕಾಲು, ಆಮೇಲೆ ತಲೆ, ಕಡೆಗೆ ಉಳಿದ ಕಾಲು ಎಂಬ ಕ್ರಮದಲ್ಲಿ ತೂರಬೇಕು. ಕ್ರಮ ತಪ್ಪಿದ ನನ್ನ ಹಣೆಗೆ ಬಿದ್ದ ಪೆಟ್ಟು ಊರಿಗೆ ಬರುವವರೆಗೆ ಊದಿಕೊಂಡಿದ್ದಿತು. ಮಲಗುವ ಹಲಗೆಗಳ ಕೆಳಗೇ ಟಾರ್ಪೆಡೊಗಳು. ಅದೇ ತೀರದಿಂದಾಚೆ ಘಾಜಿಯ ಒಡಲು ಬಿದ್ದಿದೆ; 2024ರ ಫೆಬ್ರವರಿಯಲ್ಲಿ ನಮ್ಮ ನೌಕಾಪಡೆಯ ಆಳಶೋಧಕ ನೌಕೆ ಅದನ್ನು ಮತ್ತೆ ಕಂಡು, ಮುಟ್ಟದೆ ಹಿಂದಿರುಗಿತು. ವಿಕ್ರಾಂತದ ವೇಷ ಹಾಕಿ ಆ ರಾತ್ರಿ ಹೊರಟಿದ್ದ ರಜಪೂತ್ ಮಾತ್ರ ಯಾವ ಬೀಚಿನ ಮೇಲೂ ನಿಲ್ಲಲಿಲ್ಲ; 1976ರಲ್ಲಿ ಅದನ್ನು ಒಡೆದು ಗುಜರಿಗೆ ಹಾಕಿದರು.